ಗಿಫ್ಟ್: ಉಡುಗೊರೆಯೋ, ವಿಷವೋ, ಮದುವೆಯೋ?

ದೂರದ_ಊರು
ಸ್ಟುಟ್‌ಗಾರ್ಟ್‌ಗೆ ಬಂದ ಹೊಸದರಲ್ಲಿ ಅಂಗಡಿಯ ಕಪಾಟಿನಲ್ಲಿದ್ದ ಒಂದು ಡಬ್ಬಿ ನೋಡಿ ಬೆಚ್ಚಿದ್ದೆ. ‘ರಾಟನ್‌ಗಿಫ್ಟ್’ ಎಂದು ಬರೆದಿತ್ತು, ಕೆಳಗೆ ಇಲಿಯ ಚಿತ್ರ. ಜರ್ಮನ್ನರಿಗೆ ಗಿಫ್ಟ್ ಎಂದರೆ ವಿಷ. ಇಂಗ್ಲಿಷಿನಲ್ಲಿ ಅದೇ ಪದ ಉಡುಗೊರೆ. ಎರಡೂ ಒಂದೇ ಮನೆತನದ ಭಾಷೆಗಳು. ನನ್ನ ನಂಬಿಕೆ ಇದು: ಪುಕ್ಕಟೆ ಬಂದದ್ದು ಋಣದ ಭಾರ ಹೊರಿಸುತ್ತದೆ ಎಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1924ರಲ್ಲಿ ಈ ಪದದ ಮೇಲೆಯೇ ಒಂದು ಲೇಖನ ಬರೆದು, ಕೊಡುಗೆಗೂ ವಿಷಕ್ಕೂ ಇರುವ ನಂಟನ್ನು ಹಳೆಯ ಜರ್ಮಾನಿಕ್ ಜನರ ಕೊಡುಕೊಳ್ಳುವ ಪದ್ಧತಿಯಲ್ಲಿ ಹುಡುಕಿದರು.

ನುಡಿಗನ್ನಡಿ
ಮೋಸ್ ಅವರ ಮೇಲೆ ನನಗೂ ಗೌರವವಿದೆ. ಆದರೆ ಇಲ್ಲಿ ಒಪ್ಪಲಾರೆ. ವಿಷದ ಅರ್ಥ ಋಣದಿಂದ ಬಂದದ್ದಲ್ಲ, ವೈದ್ಯರಿಂದ ಬಂದದ್ದು. ಗ್ರೀಕಿನಲ್ಲಿ ‘ಡೋಸಿಸ್’ ಎಂದರೆ ಕೊಡುವಿಕೆ. ವೈದ್ಯರು ಒಮ್ಮೆಗೆ ಕೊಡುವ ಮದ್ದಿನ ಪ್ರಮಾಣಕ್ಕೂ ಅದೇ ಹೆಸರಾಯಿತು. ಲಸಿಕೆಯ ಮೊದಲ ಡೋಸ್, ಎರಡನೆಯ ಡೋಸ್ ಎಂದು ನಾವು ಹೇಳುವುದು ಇದನ್ನೇ. ನಮ್ಮ ‘ದಾನ’ ಕೂಡ ಅದೇ ಧಾತುವಿನ ಕುಡಿ. ಈ ಪದ ಲ್ಯಾಟಿನ್ ಮೂಲಕ ಜರ್ಮನ್ ನಾಡಿಗೆ ಬಂದಾಗ ಅಲ್ಲಿನವರು ತಮ್ಮ ‘ಕೊಡು’ವಿನಿಂದ ಹುಟ್ಟಿದ ಗಿಫ್ಟ್ ಪದವನ್ನೇ ಅದಕ್ಕೆ ಹೊಂದಿಸಿದರು. ಹಳೆಯ ಜರ್ಮನ್‌ನಲ್ಲಿ ಉಡುಗೊರೆ, ವಿಷ ಎರಡೂ ಅರ್ಥಗಳು ಒಟ್ಟಿಗೇ ಬಾಳಿದವು. ಬರಬರುತ್ತಾ ವಿಷ ಉಳಿಯಿತು.

ಮದ್ದಿನ ಹೆಸರು ವಿಷಕ್ಕೆ ಅಂಟುವುದು ಹೊಸದೇನಲ್ಲ. ಎರಡನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯುಸ್ ಹೇಳುವಂತೆ, ಲ್ಯಾಟಿನ್‌ನಲ್ಲಿ ವಿಷಕ್ಕಿರುವ ‘ವೆನೇನುಮ್’ ಪದ ಬಳಸುವವನು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನೂ ಸೇರಿಸಿ ಹೇಳಬೇಕು, ಏಕೆಂದರೆ ಔಷಧಗಳೂ ವೆನೇನುಮ್‌ಗಳೇ. ಊರೂರಿನ ಫಾರ್ಮಸಿ ಫಲಕಗಳ ಹಿಂದಿರುವ ಗ್ರೀಕ್ ‘ಫಾರ್ಮಕಾನ್’ ಕೂಡ ಮದ್ದೂ ಹೌದು, ವಿಷವೂ ಹೌದು.

ಅಡಿಕೆತೋಟ
ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಜರ್ಮನ್ ನನಗೆ ಬಾರದು, ಆದರೆ ನುಡಿಗನ್ನಡಿಯವರ ಮಾತು ನಮ್ಮ ಅಂಗಳದಲ್ಲೇ ಕಾಣುತ್ತದೆ. ಕಡುವಿಷದ ಕೀಟನಾಶಕವಾದರೆ ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆ ಇರುತ್ತವೆ. ಅದನ್ನು ಕೈಯಲ್ಲಿ ಹಿಡಿದೇ ‘ಗಿಡಕ್ಕೆ ಔಷಧಿ ಹೊಡೆಯಬೇಕು’ ಎನ್ನುತ್ತೇವೆ. ಯಾರೂ ವಿಷ ಹೊಡೆಯುತ್ತೇನೆ ಎನ್ನುವುದಿಲ್ಲ. ಇನ್ನು ‘ಮದ್ದು’. ಅಜ್ಜಿ ಕೆಮ್ಮಿಗೆ ಕೊಡುವುದೂ ಮದ್ದು, ಊಟದಲ್ಲಿ ಕದ್ದು ಬೆರೆಸಿದರೆನ್ನುವ ಕೈಮದ್ದೂ ಮದ್ದು, ಕೋವಿಗೆ ತುಂಬುವುದೂ ಮದ್ದು.

ಉತ್ತರದ_ಬೆಳಕು
ನೀವೆಲ್ಲ ಮೂರನೆಯ ಅರ್ಥವನ್ನು ಮರೆತಿದ್ದೀರಿ. ನಾನಿರುವುದು ಸ್ವೀಡನ್‌ನಲ್ಲಿ. ಇಲ್ಲಿಯ ಅರ್ಜಿಗಳಲ್ಲಿ ಎರಡು ಚೌಕಗಳಿರುತ್ತವೆ. ಒಂದು ‘ಗಿಫ್ಟ್’, ಉಚ್ಚಾರ ‘ಯಿಫ್ಟ್’, ಅಂದರೆ ಮದುವೆಯಾದವರು. ಇನ್ನೊಂದು ‘ಊಯಿಫ್ಟ್’, ಆಗದವರು. ವಿಷಕ್ಕೂ ಅದೇ ಕಾಗುಣಿತ. ಡೇನಿಷ್, ನಾರ್ವೇಜಿಯನ್‌ಗಳಲ್ಲೂ ಹೀಗೆಯೇ. ಐಸ್‌ಲ್ಯಾಂಡಿನಲ್ಲಿ ಮಾತ್ರ ‘ಗಿಫ್ತಾ’ ಎಂದರೆ ಅದೃಷ್ಟ, ವಿಷಕ್ಕೆ ಬೇರೆಯೇ ಪದ. ಮದುವೆಯ ಅರ್ಥ ಬಂದ ದಾರಿಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಯೇ ಇಲ್ಲ: ಮಗಳನ್ನು ‘ಕೊಟ್ಟರು’.

ದೂರದ_ಊರು
ಡೋಸಿಸ್ ವಿಷಯ ಒಪ್ಪಿದೆ. ಆದರೆ ಮದುವೆಯ ವಿಷಯದಲ್ಲಿ ನನ್ನ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ. ಜರ್ಮನ್‌ನಲ್ಲಿ ವರದಕ್ಷಿಣೆಗೆ ‘ಮಿಟ್‌ಗಿಫ್ಟ್’ ಎನ್ನುತ್ತಾರೆ, ಅಂದರೆ ಜೊತೆಗೆ ಕೊಟ್ಟದ್ದು. ನಮ್ಮ ಬಳುವಳಿಯ ಹಾಗೆ. ಇದು ಋಣದ ಲೆಕ್ಕವಲ್ಲದೆ ಮತ್ತೇನು?

ನುಡಿಗನ್ನಡಿ
ಇಲ್ಲಿ ನಿಮ್ಮ ಪಕ್ಕ ನಿಲ್ಲುತ್ತೇನೆ. ಹಳೆಯ ಇಂಗ್ಲಿಷಿನಲ್ಲೂ ‘ಯಿಫ್ಟ್’ ಎಂದರೆ ಕನ್ಯಾಶುಲ್ಕ, ಅದರ ಬಹುವಚನಕ್ಕೆ ಮದುವೆ ಎಂಬ ಅರ್ಥವಿತ್ತು. ಈಗಿನ ಗಡಸು ‘ಗ’ ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ನುಡಿಯ ಪ್ರಭಾವ. ಉಡುಗೊರೆ ಎಂಬ ಅರ್ಥವೇ ಅಲ್ಲಿ ಆಮೇಲಿನದು.

ಉತ್ತರದ_ಬೆಳಕು
ಒಂದು ವ್ಯತ್ಯಾಸ ನನ್ನನ್ನು ಬಹಳ ಕಾಡುತ್ತದೆ. ಹಿಂದೆ ಇಲ್ಲಿ ಸ್ವೀಡನ್‌ನಲ್ಲೂ ಕೊಡುತ್ತಿದ್ದದ್ದು ಹೆಣ್ಣನ್ನೇ. ಇಂದು ಸ್ವೀಡಿಷ್ ಗಂಡಸು ‘ನಾನು ಯಿಫ್ಟ್’ ಎಂದು ಸಹಜವಾಗಿ ಹೇಳುತ್ತಾನೆ. ಪದ ಇಬ್ಬರಿಗೂ ಸಮನಾಯಿತು. ನಮ್ಮಲ್ಲಿ ಅದು ಆಗಲೇ ಇಲ್ಲ. ಕಳೆದ ವಾರ ಅಮ್ಮ ಫೋನಿನಲ್ಲಿ, ಪಕ್ಕದ ಮನೆಯ ಹುಡುಗಿಯನ್ನು ಅರಸೀಕೆರೆಗೆ ಕೊಟ್ಟರು ಎಂದರು. ಹುಡುಗನನ್ನು ಎಲ್ಲಿಗೆ ಕೊಟ್ಟರು ಎಂದು ಕೇಳಿದೆ. ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅಡಿಕೆತೋಟ
ನಿಜ ಅಕ್ಕ. ಮನೆ ಅಳಿಯನಾದವನನ್ನೂ ‘ಹೋದ’ ಎನ್ನುತ್ತೇವೆ, ‘ಕೊಟ್ಟರು’ ಎನ್ನುವುದಿಲ್ಲ. ನೀವು ಹೇಳುವ ತನಕ ಗಮನಿಸಿರಲಿಲ್ಲ. ನನ್ನ ತಂಗಿಯನ್ನು ಸಾಗರಕ್ಕೆ ಕೊಟ್ಟಿದ್ದೇವೆ ಎಂದು ಹನ್ನೆರಡು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.