ಇ ಅಂಡ್ ಸಿ 94 ಬ್ಯಾಚ್: ಸುಧಿಯ ಬಾಸ್ ಗಿಟಾರ್ ಪಂಚಾಯ್ತಿ

ಶನಿವಾರ ರಾತ್ರಿ 9.40

ಸುಧಿ: (ನಾಲ್ಕು ಫೋಟೊ)

ಸುಧಿ: ನೋಡ್ರಪ್ಪಾ, ಫೆಂಡರ್ ಜಾಝ್ ಬಾಸ್. ಇಲ್ಲೇ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ, ಫೆಂಡರ್ ಕಾರ್ಖಾನೆ ಇದ್ದ ಊರಲ್ಲೇ, ಒಬ್ಬರು ಮಾರುತ್ತಿದ್ದಾರೆ. ಹುಟ್ಟಿದ ಊರು ಬಿಟ್ಟೇ ಇಲ್ಲ ಪಾಪ. 1966ರದ್ದಂತೆ. ನಾಬ್ ಇರುವ ತಗಡು ಬಿಚ್ಚಿ ಒಳಗಿನ ನಂಬರ್ ತೋರಿಸಿದರು. ಅದೇ ಸಾಕ್ಷಿಯಂತೆ. ತಗೊಂಡುಬಿಡಲಾ?

ಮಂಜ: ಎಷ್ಟು ಹೇಳುತ್ತಿದ್ದಾನೆ ಗುರು?

ಸುಧಿ: ಇಲ್ಲಿ ಬರೆದರೆ ಲತಾ ನನ್ನ ಹೆಂಡತಿಗೆ ಹೇಳುತ್ತಾಳೆ.

ಲತಾ: ಖಂಡಿತ ಹೇಳುತ್ತೇನೆ.

ಗಿರೀಶ: ಎರಡನೇ ಫೋಟೊ ಜೂಮ್ ಮಾಡಿದೆ. ಪಾಟ್ (ನಾಬ್ ಅಡಿಯ ಪೊಟೆನ್ಷಿಯೊಮೀಟರ್) ಬೆನ್ನ ಮೇಲೆ 1376633 ಅಂತ ಇದೆ. ಇದು 66 ಅಲ್ಲಪ್ಪ. 1-3-76. ಮಾರ್ಚ್ ಒಂದು, 1976. ಮುಂದಿನ 633 ಪೀಸ್ ನಂಬರ್. ಸುಧಿ, ಹತ್ತು ವರ್ಷದ ಟೋಪಿ ನಿನಗೆ.

ಮಂಜ: ಪತ್ತೇದಾರ ಗಿರೀಶ 👏👏

ರಫೀಕ್: ಲೋ ಗಿರೀಶ, ಎಲೆಕ್ಟ್ರಾನಿಕ್ಸ್ ಓದಿದವನು ಅಂತ ಹೊರಗೆ ಹೇಳಿಕೊಳ್ಳಬೇಡ ಕಣೋ. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿಯದು. 137 ಅಂದರೆ ಸಿಟಿಎಸ್. 304 ಇದ್ದಿದ್ದರೆ ಸ್ಟ್ಯಾಕ್‌ಪೋಲ್. ಆಮೇಲಿನ 66 ವರ್ಷ. ಕೊನೆಯ 33 ವಾರ. 1966ರ 33ನೇ ವಾರ, ಅಂದರೆ ಆಗಸ್ಟ್ ಮಧ್ಯ. ಎಸ್.ಪಿ. ರೋಡಿನ ಅಂಗಡಿಯಲ್ಲಿ ಅಪ್ಪ ಅಮೆರಿಕದ ರೇಡಿಯೊ ಬಿಚ್ಚಿದಾಗ ವಾಲ್ಯೂಮ್ ಕಂಟ್ರೋಲ್ ಬೆನ್ನ ಮೇಲೆ ಇದೇ ಥರದ ನಂಬರ್ ತೋರಿಸುತ್ತಿದ್ದರು. ಗಿಟಾರ್‌ಗೆ ಅಂತಲೇ ಹುಟ್ಟಿದ ಲೆಕ್ಕ ಅಲ್ಲ ಇದು.

ಸುಧಿ: ಹಾಗಾದರೆ 66 ಪಕ್ಕಾ! ಥ್ಯಾಂಕ್ಸ್ ಮಗಾ.

ರಫೀಕ್: ಪಾಟ್ 66. ಗಿಟಾರ್ 66 ಅಂತ ನಾನು ಎಲ್ಲಿ ಹೇಳಿದೆ?

ಸುಧಿ: 😐

ರಫೀಕ್: ಮೂಟೆ ಮೇಲಿನ ತಾರೀಖು ನೋಡಿ ಅನ್ನ ಯಾವತ್ತು ಮಾಡಿದ್ದು ಅಂತ ಹೇಳಲಿಕ್ಕೆ ಆಗುತ್ತದಾ? ಅಕ್ಕಿ ಬರುವ ಮೊದಲು ಅನ್ನ ಆಗಿಲ್ಲ, ಅಷ್ಟೇ ಗೊತ್ತಾಗುವುದು. ಇದರಲ್ಲಂತೂ ಇನ್ನೂ ಹುಷಾರಾಗಿರಬೇಕು. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡುಕೊಂಡಿತು. ಆಮೇಲೆ 66ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿ ಗುಡ್ಡೆ ಹಾಕಿದರು. 69ರ ಗಿಟಾರ್‌ಗಳಲ್ಲೂ 66ರ ಪಾಟ್ ಸಿಗುತ್ತದೆ. ಮಾರುವವರಿಗೆ ಇದು ಹಬ್ಬ.

ಗಿರೀಶ: ಸರಿ ಹಾಗಾದರೆ. ನಿನ್ನ ಮಾತಿನ ಪ್ರಕಾರವೇ 76ರಲ್ಲೂ ಹಳೇ ಪಾಟ್ ಹಾಕಿರಬಹುದಲ್ವಾ? ನಾನು ಹೇಳಿದ್ದು ಸುಳ್ಳು ಹೇಗಾಯಿತು?

ರಫೀಕ್: ಪಾಟ್ ಒಂದನ್ನೇ ನೋಡಿದರೆ ಸುಳ್ಳು ಅನ್ನಲಾರೆ. ಆದರೆ ಒಂದನೇ ಫೋಟೊದಲ್ಲಿ ಬ್ರಿಜ್ ಕಡೆಯ, ಅಂದರೆ ತಂತಿ ಕಟ್ಟುವ ಬುಡದ ಕಡೆಯ ಪಿಕಪ್ ನೋಡು, ತಂತಿಯ ಅದುರು ಹಿಡಿಯುವ ಆ ಪಟ್ಟಿ. ಎಪ್ಪತ್ತರ ದಶಕದ ಶುರುವಿನಲ್ಲಿ ಅದನ್ನು ಬ್ರಿಜ್ ಹತ್ತಿರಕ್ಕೆ ಸರಿಸಿದರು. ಇದರಲ್ಲಿ ಸರಿಸಿಲ್ಲ. ಬೆರಳು ಒತ್ತುವ ಫ್ರೆಟ್‌ಬೋರ್ಡ್ ಮೇಲೆ ಚುಕ್ಕಿ ಬದಲು ಚೌಕ ಇದೆ, ಅದು ಬಂದದ್ದು 66ರಲ್ಲಿ. ಹಾಗಾಗಿ 66ಕ್ಕಿಂತ ಮುಂಚೆಯೂ ಅಲ್ಲ, ನಿನ್ನ 76ರದ್ದೂ ಅಲ್ಲ.

ಮಂಜ: ನನ್ನ ಯೆಜ್ಡಿ ಕಥೆ ಇದು. ಟ್ಯಾಂಕ್ ಒಂದು ವರ್ಷದ್ದು, ಎಂಜಿನ್ ಇನ್ನೊಂದು ವರ್ಷದ್ದು, ಆರ್‌ಸಿಯಲ್ಲಿ ಮೂರನೆಯದು. ಆದರೂ ಎಲ್ಲವೂ ಮೈಸೂರಿನ ಕಾರ್ಖಾನೆಯದೇ! ಕೊಂಡ ದಿನ ಎಷ್ಟು ಹೆಮ್ಮೆಪಟ್ಟಿದ್ದೆ.

ಲತಾ: ಒಂದು ನಿಮಿಷ. ಮೂರನೇ ಫೋಟೊದಲ್ಲಿ ನಡುವಿನ ಪಾಟ್ ನಂಬರ್ ಬೇರೆ ಇದೆಯಲ್ಲಾ. 1377218. ಇಷ್ಟು ಹೊತ್ತು ಕಿತ್ತಾಡಿದಿರಿ, ಒಬ್ಬರೂ ನೋಡಲಿಲ್ವಾ?

ರಫೀಕ್: 🙏 ನಾನು ಎರಡನೇದರಲ್ಲೇ ನಿಂತುಬಿಟ್ಟೆ.

ಲತಾ: 137 ಸಿಟಿಎಸ್. 72, 18. ಮೇ ತಿಂಗಳ ಶುರು. ಸರಿಯಾ?

ರಫೀಕ್: ಪೂರ್ತಿ ಸರಿ. ಅದರ ಬೆಸುಗೆಯನ್ನೂ ನೋಡಿ. ಉಳಿದ ಎರಡರದ್ದು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿದೆ. ಇದು ಫಳಫಳ ಹೊಳೆಯುತ್ತಿದೆ. ಯಾರೋ ಆಮೇಲೆ ಬೆಸುಗೆ ಕಬ್ಬಿಣ ಇಟ್ಟಿದ್ದಾರೆ. ಆ ನಾಬ್ ಬ್ರಿಜ್ ಕಡೆಯ ಪಿಕಪ್‌ನ ವಾಲ್ಯೂಮ್. ಪಾಟ್ ಬದಲಾಯಿಸಿದವನು ಪಿಕಪ್ಪನ್ನು ಸುಮ್ನೆ ಬಿಟ್ಟಿದ್ದಾನಾ ಅಂತ ನೋಡಬೇಕು.

ಸುಧಿ: ಉಳಿದ ಎರಡು ನಾಬ್ ತಿರುಗಿಸಿದರೆ ಕರಕರ ಅನ್ನುತ್ತವೆ. ಅದೊಂದು ಮಾತ್ರ ನುಣ್ಣಗಿದೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಖುಷಿಪಟ್ಟಿದ್ದೆ.

ರಫೀಕ್: ನಾಳೆ ಸ್ಕ್ರೂಡ್ರೈವರ್, ಮಲ್ಟಿಮೀಟರ್ ತಗೊಂಡು ಹೋಗು. ತಂತಿ ಸಡಿಲ ಮಾಡಿ ಎರಡೂ ಪಿಕಪ್ ಎತ್ತಿ ತಳದ ಫೋಟೊ ಹಾಕು. ಒಂದೊಂದಕ್ಕೂ ನಾಲ್ಕು ಸ್ಕ್ರೂ. ಒಪ್ಪಿದರೆ ಕತ್ತೂ ಬಿಚ್ಚಿಸು. ಕತ್ತಿನ ಬುಡದಲ್ಲಿ ಮುದ್ರೆ ಇರುತ್ತದೆ. ಹಿಂದಿನ ತಗಡಿನ ಸೀರಿಯಲ್ ನಂಬರ್ ನಂಬಬೇಡ. ನಾಲ್ಕು ಸ್ಕ್ರೂ ತೆಗೆದರೆ ಆ ತಗಡು ಯಾವ ಗಿಟಾರ್‌ಗೆ ಬೇಕಾದರೂ ಹೋಗುತ್ತದೆ.

ಭಾನುವಾರ ರಾತ್ರಿ 11.15

ಸುಧಿ: (ಐದು ಫೋಟೊ)

ಸುಧಿ: ಕತ್ತಿನ ಬುಡದಲ್ಲಿ "7 ಮಾರ್ಚ್ 67 ಎ" ಅಂತ ಮುದ್ರೆ ಇದೆ.

ಗಿರೀಶ: ಮಾರ್ಚ್ 7, 1967. ಈಗಲಾದರೂ ನಾನು ಓದಿದ್ದು ಸರಿ ತಾನೇ?

ರಫೀಕ್: ಇಲ್ಲ ಮಾರಾಯ. ಆ 7 ದಿನ ಅಲ್ಲ. ಜಾಝ್ ಬಾಸ್ ಕತ್ತಿನ ಗುರುತು ಅದು. ಎ ಅಂದರೆ ನಟ್ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಒಂದೂವರೆ ಇಂಚು ಅಗಲ. ತಿಂಗಳು, ವರ್ಷ ಮಾತ್ರ ತಗೋ.

ಗಿರೀಶ: ಈ ಫೆಂಡರ್‌ನವರಿಗೂ ನನಗೂ ಹಿಂದಿನ ಜನ್ಮದ ದ್ವೇಷ.

ಸುಧಿ: ಕತ್ತಿನ ಕಡೆಯ ಪಿಕಪ್: ತಳ ಬೂದು ಬಣ್ಣ, ಬಟ್ಟೆ ಸುತ್ತಿದ ವೈರ್, ಕೈಯಲ್ಲಿ 2-24-67 ಅಂತ ಬರೆದಿದ್ದಾರೆ. 7.4 ಕಿಲೋ ಓಮ್ ತೋರಿಸಿತು.

ಮಂಜ: 24ನೇ ತಿಂಗಳು ಯಾವುದಪ್ಪಾ?

ಲತಾ: ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ ಮಂಜ. ಫೆಬ್ರುವರಿ 24.

ರಫೀಕ್: ಚೆನ್ನಾಗಿದೆ! 64ರಿಂದ ತಳ ಬೂದು, ಅದಕ್ಕೆ ಮುಂಚೆ ಕಪ್ಪು. ಫೆಬ್ರುವರಿ ಪಿಕಪ್, ಮಾರ್ಚ್ ಕತ್ತು, ಹಿಂದಿನ ಆಗಸ್ಟಿನ ಪಾಟ್. ಮೂರೂ ಒಂದೇ ಕಡೆ ಕೈ ತೋರಿಸುತ್ತಿವೆ. 7.4ರಿಂದ ವಯಸ್ಸು ತಿಳಿಯುವುದಿಲ್ಲ. ಒಳಗಿನ ತಂತಿ ಕಡಿದಿಲ್ಲ ಅಂತ ತಿಳಿಯುತ್ತದೆ, ಅದೂ ಮುಖ್ಯ. ಇನ್ನೊಂದು?

ಸುಧಿ: ಬ್ರಿಜ್ ಕಡೆಯದು ತಳ ಕಪ್ಪು. ಏನೂ ಬರೆದಿಲ್ಲ.

ಗಿರೀಶ: ಕಪ್ಪಾ? ಹಾಗಾದರೆ 64ಕ್ಕಿಂತ ಹಳೆಯದು! ಸುಧಿ, ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟು ಎತ್ತಿಕೊಂಡು ಬಾ!!

ರಫೀಕ್: ವೈರ್ ಯಾವುದು?

ಸುಧಿ: ಪ್ಲಾಸ್ಟಿಕ್.

ರಫೀಕ್: ಆಗ ಬರುತ್ತಿದ್ದದ್ದು ಬಟ್ಟೆ ಸುತ್ತಿದ ವೈರ್. ಪ್ಲಾಸ್ಟಿಕ್ ವೈರ್, 72ರ ಪಾಟ್, ಹೊಳೆಯುವ ಬೆಸುಗೆ. ಮೂರೂ ಒಂದೇ ಪಿಕಪ್ ಸುತ್ತ ಇವೆ ಗಿರೀಶ. ಕಪ್ಪು ತಳದ ಪಿಕಪ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಯಾರೋ ಬದಲಾಯಿಸಿದ್ದಾರೆ. ಸುಧಿ, ಇದು 67ರ ಬಾಸ್, ಒಂದು ಪಿಕಪ್ ಮತ್ತು ಒಂದು ಪಾಟ್ ಬದಲಾಗಿದೆ. ಹಾಗಂತಲೇ ಹೇಳಿ ಚೌಕಾಸಿ ಮಾಡು. ಹಳೇ ಬೆಸುಗೆ ಇರುವ ಆ ಎರಡು ಪಾಟ್ ಯಾರೂ ಮುಟ್ಟಬಾರದು. ಕರಕರಕ್ಕೆ ಸ್ವಲ್ಪ ಕ್ಲೀನರ್ ಸ್ಪ್ರೇ ಸಾಕು.

ಸುಧಿ: ಹೇಳಿದೆ. ಸ್ವಲ್ಪ ಇಳಿಸಿದರು. ಬುಧವಾರ ತರುತ್ತೇನೆ.

ಲತಾ: ಹೆಂಡತಿಗೆ?

ಸುಧಿ: ಗುರುವಾರ.

ಮಂಗಳವಾರ ರಾತ್ರಿ 10.05

ಸುಧಿ: ತುಂಬಾ ಒಳ್ಳೆಯ ಮನುಷ್ಯ ಕಣ್ರೋ ಅವರು. ಈಗ ಮೆಸೇಜ್ ಬಂತು. ಕರಕರ ಅನ್ನುವ ಎರಡೂ ಪಾಟ್ ಕಿತ್ತು ಹೊಸದು ಹಾಕಿ, ಒಳಗೆಲ್ಲಾ ಹೊಸ ವೈರಿಂಗ್ ಮಾಡಿಕೊಡುತ್ತಾರಂತೆ. ಫ್ರೀ!

ರಫೀಕ್: ಫೋನ್ ಮಾಡು

ರಫೀಕ್: ಮೆಸೇಜ್ ಅಲ್ಲ ಫೋನ್

ರಫೀಕ್: ಈಗಲೇ!!!