ಪ್ಯಾಕೆಟ್‌ನಲ್ಲಿ ಏಳು ಮೇಣದಬತ್ತಿ ಉಳಿದಿವೆ. ಈ ಸಲ ನಮ್ಮ ಯೆಹೂದಿಗಳ ಎಂಟು ರಾತ್ರಿಯ ಹಬ್ಬ ಹನುಕ್ಕಾದ ದೀಪ ಒಬ್ಬಳೇ ಹಚ್ಚಬೇಕಾ?

ಕಿದ್ದೂಶ್_ಮೇಜು:

ನನಗೆ 61. ನಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಕಿದ್ದೂಶ್ ಮೇಜು ನೋಡಿಕೊಳ್ಳುವವಳು ನಾನು. ಶಬ್ಬತ್ (ಶನಿವಾರದ ವಿಶ್ರಾಂತಿ ದಿನ) ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಒಂದು ಗುಟುಕು ದ್ರಾಕ್ಷಾರಸ ಕುಡಿದು, ಏನಾದರೂ ತಿಂದು, ಮನೆಮಠದ ಸುದ್ದಿ ಮಾತಾಡುತ್ತಾರಲ್ಲ, ಆ ಲೋಟಗಳನ್ನು ಜೋಡಿಸಿ ಇಡುವುದು ನನ್ನ ಕೆಲಸ. ಹಾಗಾಗಿ ಪ್ರಾರ್ಥನೆಯ ಕೊನೆಯ ಹತ್ತು ನಿಮಿಷ ಎಷ್ಟೋ ವರ್ಷದಿಂದ ನನಗೆ ಸಿಕ್ಕಿಲ್ಲ. ಇರಲಿ, ಅದು ಬೇರೆ ಕಥೆ.

ಕಳೆದ ವಾರ ಹನುಕ್ಕಾ ಸಾಮಾನಿನ ಡಬ್ಬ ಕೆಳಗಿಳಿಸಿದೆ. ಮೇಣದಬತ್ತಿ ಪ್ಯಾಕೆಟ್‌ನಲ್ಲಿ 44 ಇರುತ್ತವೆ, ನಿಮಗೂ ಗೊತ್ತು. ಮೊದಲ ರಾತ್ರಿ ಒಂದು, ಎರಡನೇ ರಾತ್ರಿ ಎರಡು, ಹೀಗೇ ಎಂಟರವರೆಗೆ ಕೂಡಿದರೆ 36. ಅವನ್ನು ಹಚ್ಚೋಕೆ ದಿನಕ್ಕೊಂದು ಶಮಾಶ್ ಬತ್ತಿ, ಅದು ಎಂಟು. ಹಬ್ಬ ಮುಗಿಯುವ ಹೊತ್ತಿಗೆ ಪ್ಯಾಕೆಟ್ ಖಾಲಿ ಆಗಲೇಬೇಕು. ಹೋದ ವರ್ಷದ ಪ್ಯಾಕೆಟ್‌ನಲ್ಲಿ ಏಳು ಉಳಿದಿದ್ದವು. ನೀಲಿ ಮೂರು, ಬಿಳಿ ಎರಡು, ಒಂದು ಹಳದಿ, ಸೊಂಟ ಬಗ್ಗಿದ ಒಂದು ಕೆಂಪು.

ಆರನೇ ರಾತ್ರಿಯವು. ಆ ಸಂಜೆ ನಮ್ಮ ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಏಳನೇ ರಾತ್ರಿ, ಎಂಟನೇ ರಾತ್ರಿ ಮಗ ಬಂದು ಮನೆಯಲ್ಲಿ ಹಚ್ಚಿದ. ಅವರು ಮಾತ್ರ ಮನೆಗೆ ಬರಲಿಲ್ಲ. ಮಗ ಹನ್ನೊಂದು ತಿಂಗಳು, ತೀರಿಕೊಂಡವರಿಗಾಗಿ ಇರುವ ಕದ್ದೀಶ್ ಪ್ರಾರ್ಥನೆ ಹೇಳಿ ಈಗಷ್ಟೇ ಮುಗಿಸಿದ್ದಾನೆ.

ಈ ಸಲ ಎಂಟು ಸಂಜೆಯೂ ಸಿನಗಾಗ್‌ನಲ್ಲಿ ದೀಪ ಹಚ್ಚುತ್ತಾರೆ. ಮಕ್ಕಳು ಹಾಡುತ್ತವೆ, ಕೈಯೆಲ್ಲ ಎಣ್ಣೆ ಮಾಡಿಕೊಂಡು ಆಲೂಗಡ್ಡೆ ಲಾಟ್ಕೆ ತಿನ್ನುತ್ತವೆ. ನಾನೂ ಇರುತ್ತೇನೆ. ಅಲ್ಲಿ ನೋಡಿದ್ದು ಸಾಲದು, ಮನೆಗೆ ಹೋಗಿ ಮತ್ತೆ ಹಚ್ಚಬೇಕು ಅಂತ ನಿಯಮ. ಮನೆ ತುಂಬ ಜನ ಇದ್ದಾಗ ಇದು ನನಗೆ ಪ್ರಶ್ನೆಯೇ ಆಗಿರಲಿಲ್ಲ. ಈಗ ಕತ್ತಲು ಮನೆಗೆ ಬೀಗ ತೆಗೆದು ಹೋಗಿ, ಯಾರಿಗಾಗಿ ಹಚ್ಚಲಿ? ಒಂಟಿ ಇರುವವರಿಗೆ ಈ ನಿಯಮ ಸ್ವಲ್ಪ ಕ್ರೂರ ಅಲ್ವಾ?

ಇನ್ನೊಂದು. ಆ ಏಳನ್ನು ಏನು ಮಾಡೋದು? ಎಸೆಯಲು ಕೈ ಬರುತ್ತಿಲ್ಲ.

ಹಳೇ_ಗಬ್ಬಾಯ್:

ಅಮ್ಮಾ, ಮೂವತ್ತು ವರ್ಷ ಗಬ್ಬಾಯ್ ಕೆಲಸ, ಅಂದರೆ ಸಿನಗಾಗ್ ಪ್ರಾರ್ಥನೆಯ ಏರ್ಪಾಡು, ಮಾಡಿದವನು ನಾನು. ಚಳಿಗಾಲದ ಸಂಜೆ ಒಂಬತ್ತು ಜನ ಸೇರಿ, ಪ್ರಾರ್ಥನೆಗೆ ಬೇಕೇ ಬೇಕಾದ ಹತ್ತನೆಯವನಿಗಾಗಿ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ್ದೇ ಜಾಸ್ತಿ. ಹಾಗಾಗಿ ನಿಮ್ಮ ಲೋಟದ ಹತ್ತು ನಿಮಿಷ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸಿನಗಾಗ್ ದೀಪದ ವಿಷಯ. ನಾವು ಮಧ್ಯಾಹ್ನದ ಮಿನ್ಹಾ ಮತ್ತು ರಾತ್ರಿಯ ಮಾರಿವ್ ಪ್ರಾರ್ಥನೆಗಳ ನಡುವೆ ಅಲ್ಲಿ ಹಚ್ಚುವುದು ನಡೆದ ಪವಾಡವನ್ನು ನಾಲ್ಕು ಜನಕ್ಕೆ ಸಾರುವುದಕ್ಕೆ, ಹಚ್ಚಲು ಮನೆ ಇಲ್ಲದೆ ಬಂದ ಪರಸ್ಥಳದವರಿಗೆ. ಮಾರಿವ್ ಮುಗಿದು ಎಲ್ಲರೂ ಕೋಟು ಹಾಕಿಕೊಂಡ ಮೇಲೆ, ಬಾಗಿಲು ಹಾಕುವ ಮುಂಚೆ ಆ ಬತ್ತಿಗಳನ್ನು ನಾನೇ ಆರಿಸುತ್ತಿದ್ದೆ. ಮರದ ಕಟ್ಟಡ, ಬೆಂಕಿಯ ಭಯ. ಪ್ರತಿ ವರ್ಷ ಅದು ನನಗೆ ಒಂಥರಾ ಅನ್ನಿಸುತ್ತಿತ್ತು.

ಮನೆ ದೀಪದ ಲೆಕ್ಕವೇ ಬೇರೆ. ನಮ್ಮ ಧರ್ಮನಿಯಮಗಳ ಹಳೆಯ ಗ್ರಂಥ ತಾಲ್ಮೂದ್‌ನ ಮಾತು 'ನೇರ್ ಈಶ್ ಉಬೇತೊ', ಒಬ್ಬ ಮನುಷ್ಯನಿಗೆ, ಅವನ ಮನೆಗೆ ಒಂದು ದೀಪ. ಕರ್ತವ್ಯ ಮನೆಯನ್ನು ಹಿಡಿದುಕೊಂಡಿದೆ, ಮನೆಯಲ್ಲಿರುವ ತಲೆ ಎಣಿಕೆಯನ್ನಲ್ಲ. ಹೆಂಗಸರಿಗೂ ಇದು ಅಷ್ಟೇ ಕಡ್ಡಾಯ. 'ಅವರೂ ಆ ಪವಾಡದಲ್ಲಿ ಇದ್ದರು' ಅಂತ ಅಲ್ಲೇ ಕಾರಣ ಕೊಟ್ಟಿದ್ದಾರೆ. ಒಬ್ಬರೇ ಇದ್ದರೂ ಅದು ಮನೆಯೇ. ನಿಮಗೆ ಇದು ಕ್ರೂರ ಅನ್ನಿಸಿದೆ. ನನಗೆ ಮರ್ಯಾದೆ ಅನ್ನಿಸುತ್ತದೆ. ಇಬ್ಬರೂ ಸರಿ ಇರಬಹುದು.

ಆರನೇ ರಾತ್ರಿ ಬಗ್ಗೆ: ತಪ್ಪಿದ ರಾತ್ರಿಗೆ ಬಾಕಿ ತೀರಿಸುವುದು ಅಂತ ಇಲ್ಲ. ಏಳನೇ ರಾತ್ರಿ ಮಗ ಏಳೇ ಹಚ್ಚಿರುತ್ತಾನೆ, ಹದಿಮೂರಲ್ಲ. ಸರಿಯಾಗಿಯೇ ಮಾಡಿದ್ದಾನೆ. ಆ ರಾತ್ರಿ ನೀವು ಇರಬೇಕಾದ ಕಡೆ ಇದ್ದಿರಿ.

ಪುಸ್ತಕದ_ಹುಳ:

ಗಬ್ಬಾಯ್ ಅವರೇ, ಬಾಕಿ ಅಂತ ಇಲ್ಲ ಅಂದಿರಿ. ನಿಯಮದ ಪ್ರಕಾರ ಒಪ್ಪಿದೆ. ಆದರೆ ಈ ಹಬ್ಬದ ಹುಟ್ಟಿನ ಕಥೆ ಬೇರೆಯೇ ಹೇಳುತ್ತದೆ.

ಮಕ್ಕಳಿಗೆ ನಾವು ಹೇಳುವುದು ಎಣ್ಣೆಯ ಕಥೆ: ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು. ಅದು ತಾಲ್ಮೂದ್‌ನಲ್ಲಿದೆ, ಘಟನೆ ನಡೆದು ನೂರಾರು ವರ್ಷ ಆದಮೇಲಿನ ಬರಹ. ಅದಕ್ಕಿಂತ ಹಳೆಯ ಮಕ್ಕಬೀಯರ ಪುಸ್ತಕಗಳಲ್ಲಿ ಆ ಎಣ್ಣೆ ಕುಡಿಕೆಯ ಸುದ್ದಿಯೇ ಇಲ್ಲ. ಎರಡನೇ ಪುಸ್ತಕದಲ್ಲಿ ಎಂಟು ದಿನಕ್ಕೆ ಇನ್ನೊಂದು ವಿವರ ಇದೆ. ಕ್ರಿ.ಪೂ. 164ರಲ್ಲಿ ಗ್ರೀಕ್ ದೊರೆಯ ವಿರುದ್ಧ ದಂಗೆ ಎದ್ದ ಯೆಹೂದ ಮಕ್ಕಬೀ ಕಡೆಯವರು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು ಶುದ್ಧ ಮಾಡಿದರು. ಆಮೇಲೆ ಎಂಟು ದಿನ ಸುಕ್ಕೋತ್ ಎಂಬ ಗುಡಿಸಲು ಹಬ್ಬದ ರೀತಿಯಲ್ಲಿ ಸಂಭ್ರಮಿಸಿದರಂತೆ. ಯಾಕೆಂದರೆ ಸ್ವಲ್ಪ ಹಿಂದೆ, ಸುಕ್ಕೋತ್ ಹೊತ್ತಿನಲ್ಲಿ, ಅವರು ಬೆಟ್ಟ, ಗುಹೆಗಳಲ್ಲಿ ಕಾಡುಪ್ರಾಣಿಗಳ ಹಾಗೆ ಬದುಕಿದ್ದನ್ನು ಮರೆತಿರಲಿಲ್ಲ. ಸುಕ್ಕೋತ್ ಬರುವುದು ತಿಶ್ರೇ ತಿಂಗಳಲ್ಲಿ. ಇವರು ಮಾಡಿದ್ದು ಕಿಸ್ಲೇವ್ ತಿಂಗಳ 25ಕ್ಕೆ. ಎರಡು ತಿಂಗಳಿಗೂ ಜಾಸ್ತಿ ತಡ!

ನಾನು ಓದಿಕೊಳ್ಳುವುದು ಹೀಗೆ: ಹನುಕ್ಕಾ ಅನ್ನೋದೇ ತಪ್ಪಿಹೋದ ಹಬ್ಬವನ್ನು ಆಮೇಲೆ ಮಾಡಿದ್ದು. ಅಕ್ಕಾ, ಹೊಸ ಪ್ಯಾಕೆಟ್ ತನ್ನಿ. ಆದರೆ ಆರನೇ ರಾತ್ರಿ ಮಾತ್ರ ಆ ಏಳು ಹಳೆಯವನ್ನೇ ಹಚ್ಚಿ.

ಹಳೇ_ಗಬ್ಬಾಯ್:

ಅದಕ್ಕೆ ನನ್ನ ಅಡ್ಡಿಯಿಲ್ಲ. ಮೇಣಕ್ಕೆ ವಯಸ್ಸು ಕೇಳುವ ನಿಯಮ ಇಲ್ಲ. ಬಗ್ಗಿದ ಕೆಂಪು ಬತ್ತಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಹಿಡಿದರೆ ನೆಟ್ಟಗಾಗುತ್ತದೆ.

ಎರಡು_ಬುಗುರಿ:

ಅಮ್ಮಾ, ನಾನು ಚಿಕ್ಕವಳು, ಎರಡು ಪುಟ್ಟ ಮಕ್ಕಳ ತಾಯಿ. ಮೇಲಿನ ಇಬ್ಬರಷ್ಟು ತಿಳಿದವಳಲ್ಲ. ನಮ್ಮ ಮನೆಯಲ್ಲಿ ಡ್ರೈಡಲ್ ಬುಗುರಿ ಆಡುತ್ತಾ ದೊಡ್ಡವನು ಮೋಸ ಮಾಡುತ್ತಾನೆ, ಚಿಕ್ಕವಳು ಅಳುತ್ತಾಳೆ, ಹಂಚಿನಲ್ಲಿ ಲಾಟ್ಕೆ ಸೀದು ಹೋಗುತ್ತದೆ. ಯಾರಿಗಾಗಿ ಹಚ್ಚೋದು ಅಂತ ಯೋಚಿಸಲು ನನಗೂ ಪುರುಸೊತ್ತಿಲ್ಲ, ಬೇರೆ ಕಾರಣಕ್ಕೆ.

ನಾನು ಹಿಡಿದುಕೊಂಡಿರೋದು ಒಂದೇ. ಆ ಬೆಳಕನ್ನು ಬಳಸುವ ಹಾಗಿಲ್ಲ. ಅದರಲ್ಲಿ ಓದೋ ಹಾಗಿಲ್ಲ, ದುಡ್ಡು ಎಣಿಸೋ ಹಾಗಿಲ್ಲ. ನೋಡಬಹುದು ಅಷ್ಟೇ. ಬಳಸುವ ಬೆಳಕು ಬೇಕಾದರೆ ಪಕ್ಕದಲ್ಲಿ ಶಮಾಶ್ ಇದೆ. ಕಡಿಮೆ ಅಂದರೆ ಅರ್ಧ ಗಂಟೆ ಉರಿಯಬೇಕು. ಆ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮಾಡಬಾರದು ಅಂತ ಹಳೇ ಪದ್ಧತಿ. ಇಷ್ಟು ಒಳ್ಳೆಯ ಪದ್ಧತಿ ಇನ್ನೊಂದು ಹುಡುಕಿ ಕೊಡಿ ನೋಡೋಣ! ಪಾತ್ರೆ ಸಿಂಕ್‌ನಲ್ಲೇ ಬಿಟ್ಟು ಸುಮ್ನೆ ಕೂರುತ್ತೇನೆ. ಫೋನ್ ಇನ್ನೊಂದು ಕೋಣೆಯಲ್ಲಿ. ನೀವು ವರ್ಷವೆಲ್ಲ ಬೇರೆಯವರ ಲೋಟ ನೋಡಿಕೊಳ್ಳುವವರು. ಎಂಟು ದಿನ ಅರ್ಧರ್ಧ ಗಂಟೆ ಕೂರಿ.

ಮತ್ತೆ, ಒಬ್ಬರೇ ಯಾಕೆ ಹಚ್ಚಬೇಕು? ಸಿನಗಾಗ್‌ನಲ್ಲಿ ನಿಮ್ಮ ಹಾಗೆ ಒಬ್ಬೊಬ್ಬರೇ ಮನೆಗೆ ಹೋಗುವವರು ಎಷ್ಟು ಜನ ಇದ್ದಾರೆ ನೋಡಿ. ಕೋಟು ಹಾಕಿಕೊಳ್ಳಲು ತಡ ಮಾಡುವವರು ಅವರೇ.

ಕಿದ್ದೂಶ್_ಮೇಜು:

ಹಬ್ಬ ಮುಗಿಸಿ ಬರೆಯುತ್ತಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ರಾತ್ರಿ ಚೆನ್ನಾಗಿರಲಿಲ್ಲ. ಸುಳ್ಳು ಹೇಳಲ್ಲ. ಹಚ್ಚಿದೆ, ಆಶೀರ್ವಚನ ಹೇಳಿದೆ, ಕೂತೆ, ಅತ್ತೆ. ನಾಲ್ಕನೇ ರಾತ್ರಿ ಅರ್ಧ ಗಂಟೆ ಕೂತವಳು ಅಲ್ಲೇ ನಿದ್ದೆ ಹೋದೆ. ಎದ್ದಾಗ ಎಲ್ಲ ಬತ್ತಿಯೂ ತಾನಾಗಿ ಮುಗಿದಿತ್ತು.

ಆ ಕೋಟಿನ ಮಾತು ತಲೆಯಲ್ಲಿ ಉಳಿದಿತ್ತು. ಐದನೇ ಸಂಜೆ ಮಾರಿವ್ ಆದಮೇಲೆ ಬಾಗಿಲ ಹತ್ತಿರ ಗಮನಿಸಿದೆ. ನಿಜ. ಮಫ್ಲರ್ ಮೂರು ಸಲ ಸುತ್ತುತ್ತಿದ್ದ ಒಬ್ಬರು, ಗ್ಲೌಸ್ ಹುಡುಕುತ್ತಿದ್ದ ಇನ್ನೊಬ್ಬರು. ಗ್ಲೌಸ್ ಅವರ ಕೈಯಲ್ಲೇ ಇತ್ತು. ನಾಳೆ ನಮ್ಮ ಮನೆಗೆ ಬನ್ನಿ ಅಂದೆ. ಇಬ್ಬರೂ ತಮ್ಮ ಮನೆಯಲ್ಲಿ ಹಚ್ಚಿ ಮುಗಿಸಿಯೇ ಬಂದರು. ಒಬ್ಬರಂತೂ 'ನಂದು ಆಗಿದೆ, ನಿಮ್ಮದು ನೋಡೋಕೆ ಬಂದೆ' ಅಂದರು.

ಏಳು ಹಳೆಯ ಬತ್ತಿ ಹೊಂದಿಸಿದೆ. ಬಲದಿಂದ ಎಡಕ್ಕೆ ಇಟ್ಟು, ಎಡದಿಂದ, ಅಂದರೆ ಅವತ್ತಿನ ಹೊಸದರಿಂದ ಹಚ್ಚುತ್ತಾ ಬಂದೆ. ಕೆಂಪು ಬತ್ತಿಯನ್ನು ಬಿಸಿನೀರಿಗೆ ಹಾಕಿದ್ದೆ, ಆದರೂ ಸ್ವಲ್ಪ ವಾಲಿಕೊಂಡೇ ಇತ್ತು. ಹತ್ತು ನಿಮಿಷ ಆಗಿರಬೇಕು, ಫಟ್ ಅಂತ ಆರಿಹೋಯಿತು. ಗ್ಲೌಸ್‌ನವರು ಶಮಾಶ್‌ಗೆ ಕೈ ಹಾಕಿದರು. ಬೇಡ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಆರಿದ್ದನ್ನು ಮತ್ತೆ ಹಚ್ಚದೆ ಬಿಟ್ಟದ್ದು ತಪ್ಪಾ ಗಬ್ಬಾಯ್ ಅವರೇ?

ಹಳೇ_ಗಬ್ಬಾಯ್:

ತಪ್ಪಲ್ಲ. ಸಾಕಷ್ಟು ಮೇಣ ಇತ್ತು, ಗಾಳಿಗೆ ಇಟ್ಟಿರಲಿಲ್ಲ ತಾನೇ? ಹಾಗಿದ್ದರೆ ಆರಿದರೂ ಮತ್ತೆ ಹಚ್ಚಲೇಬೇಕು ಅಂತಿಲ್ಲ. ಹಚ್ಚಿದಾಗಲೇ ಕರ್ತವ್ಯ ಮುಗಿಯಿತು. ಮನಸ್ಸಾದರೆ ಹಚ್ಚಬಹುದು, ಆಶೀರ್ವಚನ ಮಾತ್ರ ಮತ್ತೆ ಹೇಳುವ ಹಾಗಿಲ್ಲ.

ಬಟ್ಟಲಿಗೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯಬೇಡಿ, ಗೀರು ಬೀಳುತ್ತದೆ. ಒಂದು ಗಂಟೆ ಫ್ರೀಜರ್‌ನಲ್ಲಿಡಿ, ಬಿಲ್ಲೆ ಬಿಲ್ಲೆಯಾಗಿ ಕಿತ್ತು ಬರುತ್ತದೆ.

ಕಿದ್ದೂಶ್_ಮೇಜು:

ಇಟ್ಟಿದ್ದೇನೆ. ಕೆಂಪು ತುಂಡು ಮಾತ್ರ ಮೊದಲೇ ತೆಗೆದು ಡಬ್ಬದಲ್ಲಿ ಹಾಕಿದೆ.