ಇಂಗ್ಲಿಷ್‌ನಲ್ಲಿ ‘ಸೀನಿಯರ್’ ಪದದ ನಂತರ ‘ದ್ಯಾನ್’ ಏಕೆ ಬರುವುದಿಲ್ಲ?

ಪ್ರಶ್ನೆ: ‘ಹೀ ಈಸ್ ಸೀನಿಯರ್ ___ ಮಿ’ ಎಂಬಲ್ಲಿ ನಾನು ‘ದ್ಯಾನ್’ ಹಾಕಿದೆ. ಕೀ ಉತ್ತರದಲ್ಲಿ ‘ಟು’ ಇದೆ. ‘ನನಗಿಂತ ಹಿರಿಯ’ ಅಂದರೆ ಹೋಲಿಕೆಯೇ ತಾನೆ?

ಉತ್ತರ 1: ಹೋಲಿಕೆಯೇ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದ ಪದಗಳು, ಇವಕ್ಕೆ ‘ಟು’ ಬೇಕು. ಹೋಲಿಕೆ ಪದದೊಳಗೇ ಇರುವುದರಿಂದ ಹಿಂದೆ ‘ಮೋರ್’ ಕೂಡ ಸೇರಿಸಬಾರದು. ‘ಪ್ರಿಫರ್’ಗೂ ಅಷ್ಟೇ: ‘ಐ ಪ್ರಿಫರ್ ಟೀ ಟು ಕಾಫಿ’. ಕನ್ನಡದ ‘ಗಿಂತ’ ಎಲ್ಲ ಕಡೆಯೂ ಹೊಂದುತ್ತದಲ್ಲ, ಎಡವುವುದು ಅದಕ್ಕೇ.

ಉತ್ತರ 2: ಇದಕ್ಕಿಂತ ಕಳ್ಳ ಪ್ರಶ್ನೆಗಳಿವೆ. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ತಪ್ಪು. ಅದೂ ಕರ್ನಾಟಕದ್ದೇ ಶಿಖರ, ತನಗಿಂತ ತಾನೇ ಎತ್ತರ ಆಗುವುದೆಂತು? ‘ಎನಿ ಅದರ್ ಪೀಕ್’ ಅನ್ನಬೇಕು. ಹಾಗೆಯೇ ‘ದ ಕ್ಲೈಮೇಟ್ ಆಫ್ ಮಡಿಕೇರಿ ಈಸ್ ಕೂಲರ್ ದ್ಯಾನ್ ಬಳ್ಳಾರಿ’ ಎಂದರೆ ಹವೆಯನ್ನು ಊರಿನ ಜೊತೆ ತೂಗಿದಂತೆ. ‘ದ್ಯಾನ್ ದ್ಯಾಟ್ ಆಫ್ ಬಳ್ಳಾರಿ’ ಸರಿ.

ಪ್ರಶ್ನೆ ಕೇಳಿದವರು: ‘ಎಲ್ಡರ್ ದ್ಯಾನ್’ ನಡೆಯುತ್ತದೆಯೇ?

ಉತ್ತರ 1: ಇಲ್ಲ, ‘ಓಲ್ಡರ್ ದ್ಯಾನ್’. ‘ಮೈ ಎಲ್ಡರ್ ಬ್ರದರ್’ ಸರಿ.

ಉತ್ತರ 3: ‘ಇಂದ’ ಕೂಡ ಮೋಸ ಮಾಡುತ್ತದೆ. 2019ರಿಂದ ಅಂದರೆ ‘ಸಿನ್ಸ್’, 5 ವರ್ಷದಿಂದ ಅಂದರೆ ‘ಫಾರ್’.